ಪಕ್ಕದ ಟೇಬಲ್ಲಿನ ಹರಳು

ಗಿಡಮೂಲಿಕೆಯೊಳಗೆ ಔಷಧಿ ಹುಡುಕುವ ಕೆಮಿಸ್ಟನ ಬದುಕಿನಲ್ಲಿ ಫಜೀತಿಗಳಿಗೆ ಬರಗಾಲವಿಲ್ಲ. ಅವು ಕರೆಯದೇ ಬಂದು ಬಾಗಿಲು ತಟ್ಟುತ್ತವೆ. ಔಷಧಿ ಮಾತ್ರ ತಪ್ಪದೆ ಪಕ್ಕದ ಟೇಬಲ್ಲಿನವನ ಬಾಗಿಲು ತಟ್ಟುತ್ತದೆ.

ನಾನು ಬೆಟಗೇರಿಯ ನೇಕಾರರ ಮನೆಯವನು. ಗದಗಿನ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ಉಳಿದ ಹೊತ್ತಿನಲ್ಲಿ ಕಪ್ಪತಗುಡ್ಡದ ಆಸುಪಾಸಿನ ಹೊಲದ ಬದುಗಳಿಂದ ಸೊಪ್ಪುಸದೆ ತಂದು, ಒಣಗಿಸಿ, ನೆನೆಸಿ, ಸೋಸಿ, ಅದರೊಳಗೆ ಔಷಧಿಯಾಗಬಲ್ಲ ಹೊಸ ವಸ್ತು ಇದೆಯೇ ಎಂದು ನೋಡುತ್ತೇನೆ. ಪಕ್ಕದ ಟೇಬಲ್ಲಿನಲ್ಲಿ ನನ್ನ ಸಹಪಾಠಿ ಇದೇ ಕೆಲಸ ಮಾಡುತ್ತಾನೆ. ಇಬ್ಬರದೂ ಒಂದೇ ಗುರು, ಒಂದೇ ಗುಡ್ಡ. ಆದರೆ ಅವನಿಗೆ ಸಿಗುತ್ತದೆ, ನನಗೆ ಸಿಗುವುದಿಲ್ಲ. ಸುಳ್ಳು ಯಾಕೆ ಹೇಳಲಿ, ಇದನ್ನು ನೆನೆದಾಗೆಲ್ಲ ಹೊಟ್ಟೆ ಉರಿಯುತ್ತದೆ.

ಇದರ ಮೇಲೆ ಅಪ್ಪನ ಮಾತು ಬೇರೆ. "ನಾವು ನೇಯ್ದ ಸೀರಿ ಊರ ಮಂದಿ ಉಟ್ಕೊಂಡು ಅಡ್ಡಾಡ್ತಾರ. ನೀ ಇಷ್ಟು ವರ್ಷ ಕುದಿಸಿದಿ, ಯಾರರ ಒಂದು ಗುಳಗಿ ನುಂಗ್ಯಾರೇನು?" ಗುಳಿಗೆ ದೂರದ ಮಾತು. ಜಗತ್ತಿನಲ್ಲಿ ಯಾರೂ ಕಾಣದ ಒಂದೇ ಒಂದು ವಸ್ತು ನನ್ನ ಕೈಯಿಂದ ಹೊರಬರಬೇಕು, ಅದೂ ಪಕ್ಕದ ಟೇಬಲ್ಲಿನವನಿಗಿಂತ ಮೊದಲು ಬರಬೇಕು. ನನಗೆ ಬೇಕಾದದ್ದು ಇಷ್ಟೇ.

ಗಡ್ಡದ ಮಹಿಮೆ

ಸೊಪ್ಪಿನಿಂದ ಒಂದು ವಸ್ತುವನ್ನು ಶುದ್ಧವಾಗಿ ಬೇರ್ಪಡಿಸಿದರೆ, ಅದೃಷ್ಟವಿದ್ದವರಿಗೆ ಅದು ಫ್ಲಾಸ್ಕಿನ ತಳದಲ್ಲಿ ಹರಳುಗಟ್ಟುತ್ತದೆ, ಕಲ್ಲುಸಕ್ಕರೆಯ ಹಾಗೆ. ಅವನ ಫ್ಲಾಸ್ಕಿನಲ್ಲಿ ಬೆಳಗಾಗುವಷ್ಟರಲ್ಲಿ ಹರಳು ಥಳಥಳ ಹೊಳೆಯುತ್ತಿದ್ದವು. ನನ್ನದರಲ್ಲಿ ಡಾಂಬರು.

ನಮ್ಮ ಗುರುಗಳು ಒಂದು ಮಾತು ಹೇಳುತ್ತಿದ್ದರು. ಹಾಲಿಗೆ ಹೆಪ್ಪು ಬೇಕಾದ ಹಾಗೆ ಹರಳಿಗೂ ಒಂದು ಕಣ ಬೇಕು. ಹಳೆಯ ಕೆಮಿಸ್ಟರ ಗಡ್ಡದಲ್ಲಿ ಹಿಂದಿನ ಹರಳುಗಳ ಧೂಳು ಕೂತಿರುತ್ತದೆ, ಬಗ್ಗಿ ನೋಡುವಾಗ ಒಂದು ಕಣ ಉದುರಿದರೂ ಸಾಕು, ಕೆಲಸ ಆದಂತೆ. ನಗಿಸಲಿಕ್ಕೆ ಹೇಳಿದರೋ ಖರೆ ಹೇಳಿದರೋ ತಿಳಿಯದು. ಅವನಿಗೆ ಎದೆಯವರೆಗೆ ಗಡ್ಡ. ನನಗೆ ದಿನಾ ಬೋಳಿಸಿದ ಗಲ್ಲ. ನಾನೂ ಗಡ್ಡ ಬಿಟ್ಟೆ.

"ಯಾಕಪಾ, ಹರಕಿ ಹೊತ್ತೀಯೇನು?" ಅಂದಳು ಅವ್ವ.

"ಹೂಂ ಬೇ" ಅಂದೆ. ಇನ್ನೊಬ್ಬನ ಗಡ್ಡದ ಮೇಲೆ ಹೊಟ್ಟೆಕಿಚ್ಚು ಅಂತ ಹೆತ್ತ ತಾಯಿಗೆ ಹೇಗೆ ಹೇಳುವುದು?

ಗಡ್ಡ ಕುತ್ತಿಗೆ ದಾಟಿತು, ಡಾಂಬರು ಡಾಂಬರಾಗಿಯೇ ಉಳಿಯಿತು. ಒಂದು ಸಂಜೆ ಅವನೇ ಬಂದು ನನ್ನ ಫ್ಲಾಸ್ಕಿನ ಮೇಲೆ ಬಗ್ಗಿ, ಗಡ್ಡ ನೀವಿಕೊಳ್ಳುತ್ತಾ, "ಇನ್ನೂ ಬಂದಿಲ್ಲೇನಪಾ?" ಅಂದು ಹೋದ. ಮರುದಿನ ನೋಡಿದರೆ ಡಾಂಬರಿನ ಮೇಲೆ ಎರಡು ಪುಟ್ಟ ಹರಳು ಮಿನುಗುತ್ತಿವೆ! ಚಿಮಟದಿಂದ ಎತ್ತಿ ಪರೀಕ್ಷಿಸಿದೆ. ಅವು ಅವನದೇ ಹಿಂದಿನ ತಿಂಗಳ ಹರಳು, ಗಡ್ಡದಿಂದ ಇಡಿಯಾಗಿ ಉದುರಿದವು.

ಮನೆಯಲ್ಲಿ ಹೇಳಿಕೊಂಡು ಅತ್ತರೆ ಅಪ್ಪ ಅಂದ: "ಅಂದ್ರ, ನಿನ್ನ ಗಡಿಗ್ಯಾಗ ತೇಲಿದ ಬೆಣ್ಣೀನೂ ಅವಂದನ ಅನ್ನು."

ಎಮ್ಮೆಯ ಸಂಶೋಧನೆ

ಹಿರೇವಡ್ಡಟ್ಟಿಯ ಕಡೆ ಒಂದು ಬಳ್ಳಿ ಇದೆ, ಕೈಕಾಲು ಬಾತರೆ ಕುರಿ ಕಾಯುವವರು ಅದನ್ನು ಅರೆದು ಕಟ್ಟುತ್ತಾರೆ ಎಂದು ಅವನಿಗೆ ಖಬರು ಸಿಕ್ಕಿತ್ತು. ಸೋಮವಾರ ಹೋಗುತ್ತೇನೆಂದು ಸ್ಟಾಫ್ ರೂಮಿನಲ್ಲಿ ಯಾರಿಗೋ ಹೇಳುತ್ತಿದ್ದ. ನಾನು ಭಾನುವಾರವೇ ಮುಂಡರಗಿ ಬಸ್ಸು ಹತ್ತಿದೆ.

ಆ ಊರಿನಲ್ಲಿ ನನ್ನ ಚಿಗವ್ವ ಇದ್ದಾಳೆ. ಒಂದು ಚೀಲ ಬಳ್ಳಿ ಕಿತ್ತು ತಂದು ಅವಳ ಮನೆಯಲ್ಲಿ ಹರವಿದೆ. ನಮ್ಮ ಕೆಲಸಕ್ಕೆ ಎಲೆ ಬಿಸಿಲಲ್ಲಿ ಒಣಗಬಾರದು, ನೆರಳೇ ಬೇಕು. ಆ ಮನೆಯಲ್ಲಿ ನೆರಳೂ ಗಾಳಿಯೂ ಇದ್ದದ್ದು ಎಮ್ಮೆ ಕಟ್ಟುವ ಜಾಗದಲ್ಲಿ ಮಾತ್ರ. ಊಟ ಮುಗಿಸಿ ಬರುವಷ್ಟರಲ್ಲಿ ಎಮ್ಮೆ ಹಗ್ಗ ಕಿತ್ತುಕೊಂಡು, ನನ್ನ ಸಂಶೋಧನೆಯನ್ನೆಲ್ಲ ತಿಂದು, ಬಾಯಿ ಚಪ್ಪರಿಸುತ್ತಾ ನಿಂತಿತ್ತು.

ನನಗೆ ಜೀವ ಹಾರಿತು. ವಿಷದ ಬಳ್ಳಿಯಾಗಿದ್ದರೆ? ಎಮ್ಮೆಯ ಮುಂದೆ ಕೂತು ಕಣ್ಣು ನೋಡಿದೆ, ಮೂಗು ಮುಟ್ಟಿದೆ, ಸೆಗಣಿ ಕಡ್ಡಿಯಿಂದ ಕೆದರಿದೆ.

"ಅದರ ಮಾರಿ ಏನ್ ಹಂಗ ನೋಡ್ತೀಯೋ, ಹೆಣ್ಣ ನೋಡಾಕ ಬಂದವರಂಗ" ಅಂದಳು ಚಿಗವ್ವ.

ಎಮ್ಮೆ ಆರಾಮಾಗಿದೆ ಎಂದು ಖಾತ್ರಿಯಾದ ಮೇಲೆ ಖಾಲಿ ಚೀಲ ಮಡಚಿಕೊಂಡು ಬಸ್ಸು ಹತ್ತಿದೆ. ಮುಂದೆ ಕೆಲವು ತಿಂಗಳಿಗೆ ಪಕ್ಕದ ಟೇಬಲ್ಲಿನವನ ಹೊಸ ಲೇಖನ ಬಂತು: ಹಾಲು ಹೆಚ್ಚಿಸುವ ಬಳ್ಳಿ. ಅದರೊಳಗಿನ ಫೋಟೋದಲ್ಲಿ ನಮ್ಮದೇ ಎಮ್ಮೆ, ಪಕ್ಕದಲ್ಲಿ ಸೆರಗು ಹೊದ್ದು ನಗುತ್ತಿರುವ ನನ್ನ ಚಿಗವ್ವ! ಸೋಮವಾರ ಅವನು ಬಳ್ಳಿ ಕೇಳುತ್ತಾ ಅವಳ ಮನೆಗೇ ಹೋದಾಗ, ಬಳ್ಳಿ ತಿಂದ ಎಮ್ಮೆ ಒಂದು ತಂಬಿಗೆ ಹಾಲು ಹೆಚ್ಚಿಗೆ ಕೊಟ್ಟಿತು ಎಂದು ಇವಳೇ ಹೇಳಿದ್ದಳಂತೆ.

ಫೋನು ಮಾಡಿ ಜಗಳಕ್ಕೆ ಬಿದ್ದೆ. "ಕರುಳಿನ ಮಗಾ ನಾನು. ನನಗ ಬಿಟ್ಟು ಅವಂಗ್ಯಾಕ ಹೇಳಿದಿ ಚಿಗವ್ವಾ?"

"ನೀ ಹಾಲು ಹಿಂಡೂತನಕ ಎಲ್ಲಿ ಕುಂತ್ಯೋ? ಸೆಗಣಿ ನೋಡಿ ಓಡಿ ಹೋದಿ. ಹಾಲು ಸೆಗಣ್ಯಾಗ ಕಾಣತೈತೇನು?"

ಲಕ್ಷ್ಮೇಶ್ವರದ ಶಾಲು

ಎಮ್ಮೆಯ ಲೇಖನದಿಂದ ಅವನ ಹೆಸರು ಹಬ್ಬಿತು. ಲಕ್ಷ್ಮೇಶ್ವರದ ಒಂದು ಸಂಘದವರು ಸನ್ಮಾನ ಇಟ್ಟುಕೊಂಡರು. ಗಾಯಕ್ಕೆ ಉಪ್ಪು ಸವರಿದಂತೆ, ಅವನ ಪರಿಚಯ ಭಾಷಣ ನನ್ನ ಪಾಲಿಗೆ ಬಂತು. ಹೆಂಡತಿಯನ್ನೂ ಕರೆದುಕೊಂಡು ಹೋದೆ.

ಹಿಂದಿನ ದಿನ ಅವನು ಮನೆಯಾಕೆಯ ಒತ್ತಾಯಕ್ಕೆ ಗಡ್ಡ ಬೋಳಿಸಿ ಬಂದಿದ್ದ. ನನ್ನದು ಹಾಗೇ ಇತ್ತು. ಶಾಲು ಹೊದಿಸಲು ಶಿರಹಟ್ಟಿಯಿಂದ ಬಂದ ಹಿರಿಯರಿಗೆ ಸಂಘದವರು, "ಗಡ್ಡದವರು ನೋಡ್ರಿ, ಅವ್ರಿಗೇ ಹೊಚ್ಚಬೇಕ್ರಿ" ಎಂದು ಹೇಳಿಟ್ಟಿದ್ದರು. ಹಿರಿಯರು ನೆಟ್ಟಗೆ ಬಂದು ನನಗೆ ಶಾಲು ಹೊದಿಸಿ, ಪೇಟ ತೊಡಿಸಿ, ಹಣ್ಣಿನ ಬುಟ್ಟಿ ಕೈಗಿಟ್ಟು, ನಮಸ್ಕಾರ ಮಾಡಿದರು. ಸಭೆ ಚಪ್ಪಾಳೆ ಹೊಡೆಯಿತು.

ಬೇಡ ಅನ್ನಬೇಕಾಗಿತ್ತು. ಆದರೆ ಶಾಲು ಅಷ್ಟು ಬೆಚ್ಚಗಿತ್ತು. ಬುಟ್ಟಿಯನ್ನು ಮುಂದಿನ ಸಾಲಿನಲ್ಲಿದ್ದ ಹೆಂಡತಿಗೆ ದಾಟಿಸಿ, ಸೆಟೆದು ಕೂತೆ.

ಆಗ ಸಂಘದ ಕಾರ್ಯದರ್ಶಿ ಮೈಕು ಚಾಲೂ ಇರುವುದನ್ನು ಮರೆತು ಕೂಗಿದರು: "ಅವ್ರಲ್ರೀ ಅಜ್ಜಾರ, ಬಾಜೂದವ್ರು! ಇವ್ರು ಬರೇ ಭಾಷಣ ಮಾಡಾಕ ಬಂದಾರ್ರೀ!"

ಹಿರಿಯರು ಬಂದು ನನ್ನ ಹೆಗಲ ಶಾಲು ತೆಗೆದು, ಝಾಡಿಸಿ, ಅವನಿಗೆ ಹೊದಿಸಿದರು. ಪೇಟವೂ ಹೋಯಿತು. ಕೆಳಗೆ ಬುಟ್ಟಿಗೆ ಕೈ ಚಾಚಿದ ಸ್ವಯಂಸೇವಕನಿಗೆ ನನ್ನ ಹೆಂಡತಿ ಬರೀ ಬಾಳೆಯ ಸಿಪ್ಪೆ ತೋರಿಸಿದಳು. ಬಸ್ಸಿನಲ್ಲಿ ನಾನು ಮುಖ ಊದಿಸಿಕೊಂಡು ಕೂತಿದ್ದರೆ ಅವಳು ಸಮಾಧಾನ ಹೇಳಿದಳು: "ಶಾಲು ಹೋದ್ರ ಹೋಗ್ಲಿ ಬಿಡ್ರೀ. ಅದರಾಗಿನ ಚಿಕ್ಕು ಖರೇನ ಭಾಳ ಚಲೋ ಇದ್ದವು."

ನೀಲಿ ಡ್ರಮ್ಮು

ಇಷ್ಟಾದ ಮೇಲೆ ಒಂದು ದಿನ ನನಗೂ ಬಂತು. ಹರಳಲ್ಲ, ಎಣ್ಣೆ. ಎಳೆಹಳದಿ ಬಣ್ಣ, ವಾಸನೆಯಿಲ್ಲ, ಎಷ್ಟು ಪರೀಕ್ಷಿಸಿದರೂ ಶುದ್ಧ. ಆ ಎಲೆಯಲ್ಲಿ ಇಂಥದ್ದು ಇದೆಯೆಂದು ಯಾರೂ ಎಲ್ಲಿಯೂ ಬರೆದಿರಲಿಲ್ಲ.

ಕ್ಯಾಂಟೀನಿನಲ್ಲಿ ಅವನು ಮಿರ್ಚಿ ಬಜ್ಜಿ ತಿನ್ನುತ್ತಿದ್ದಾಗ ಶೀಸೆಯನ್ನು ಅವನ ಮುಂದಿಟ್ಟೆ. ಮಿರ್ಚಿ ಅರ್ಧ ದಾರಿಯಲ್ಲೇ ನಿಂತಿತು.

"ಚಲೋ ಆತಲ್ಲಪಾ" ಅಂದ, ಬೇವಿನ ಎಲೆ ಅಗಿದವನ ಮುಖ ಮಾಡಿಕೊಂಡು. "ಹೆಂಗ ತಗದಿ?"

"ಎಲ್ಲಾ ಕೈಗುಣ" ಅಂದೆ. ಅವನು ಆ ಮಿರ್ಚಿ ಮುಗಿಸಲಿಲ್ಲ. ನನಗೆ ಅಷ್ಟು ಸುಖ ಮದುವೆಯ ದಿನವೂ ಆಗಿರಲಿಲ್ಲ.

ಮನೆಯಲ್ಲಿ ಅಪ್ಪ ಶೀಸೆಯನ್ನು ಬೆಳಕಿಗೆ ಹಿಡಿದು ನೋಡಿ, ಓಣಿಯವರನ್ನೆಲ್ಲ ಕರೆದು ತೋರಿಸಿದ. "ನಮ್ಮ ಹುಡುಗ ತಗದದ್ದು" ಅಂದ. ಜೀವಮಾನದಲ್ಲಿ ಮೊದಲ ಸಲ ಅಂದ.

ಎಣ್ಣೆಯ ಒಳರಚನೆ ತಿಳಿಯುವ ಯಂತ್ರ ನಮ್ಮಲ್ಲಿಲ್ಲ. ಧಾರವಾಡಕ್ಕೆ ಕಳಿಸಿ, ಎಲೆ ನೆನೆಯಿಟ್ಟಿದ್ದ ಸಾಮಾನಿನ ಕೋಣೆಗೆ ಬೀಗ ಜಡಿದೆ, ಅವನು ಎಲೆ ಯಾವುದೆಂದು ನೋಡಬಾರದಲ್ಲ! ಆದರೂ ಅವನು ಕಿಟಕಿಯಿಂದ ಇಣುಕುತ್ತಲೇ ಇದ್ದ. ಅಲ್ಲಿಂದ ಕಾಣುತ್ತಿದ್ದದ್ದು ಒಂದು ನೀಲಿ ಪ್ಲಾಸ್ಟಿಕ್ ಡ್ರಮ್ಮು ಮಾತ್ರ. ನನ್ನ ದೊಡ್ಡ ಗಾಜಿನ ಜಾಡಿ ಬಿರುಕು ಬಿಟ್ಟಿದ್ದರಿಂದ ಈ ಸಲ ಎಲೆಯನ್ನು ಸ್ಪಿರಿಟ್ಟು ಹಾಕಿ ಅದರಲ್ಲೇ ವಾರಗಟ್ಟಲೆ ನೆನೆಯಿಟ್ಟಿದ್ದೆ.

ಕೊನೆಗೆ ಧಾರವಾಡದ ಯಂತ್ರದವರ ಫೋನು ಬಂತು.

"ಸರ್, ಇದು ಎಲ್ಯಾಗಿಂದಲ್ರೀ. ಪ್ಲಾಸ್ಟಿಕ್ ಮೆತ್ತಗಿರ್ಲಿ ಅಂತ ಒಂದು ಎಣ್ಣಿ ಹಾಕಿರ್ತಾರಲ್ರೀ, ಅದು. ನೀವು ಎಲಿ ಪ್ಲಾಸ್ಟಿಕ್ ಡ್ರಮ್ಮಿನ್ಯಾಗ ನೆನಿ ಇಟ್ಟಿದ್ರೇನ್ರೀ?"

ಫೋನು ಇಟ್ಟು ಡ್ರಮ್ಮಿನ ಕಡೆ ನೋಡಿದೆ. ಎಲೆಯ ಔಷಧಿ ಎಂದು ಓಣಿಗೆಲ್ಲ ತೋರಿಸಿದ್ದು ಡ್ರಮ್ಮಿನ ರಸ! ಅಪ್ಪನಿಗೆ ಏನು ಹೇಳಲಿ? ಅದಕ್ಕಿಂತ, ಪಕ್ಕದ ಟೇಬಲ್ಲಿನವನಿಗೆ ಗೊತ್ತಾದರೆ ಎಲ್ಲಿ ಮುಖ ಇಡಲಿ? ಅತ್ತುಬಿಡುವಷ್ಟು ದುಃಖವಾಯಿತು.

ಅಷ್ಟರಲ್ಲಿ ಅವನೇ ಬಂದ. ಒಂದು ಕೈಯಲ್ಲಿ ಆ ದಿನದ ಪೇಪರು, ಇನ್ನೊಂದು ಕೈಯಲ್ಲಿ ಧಾರವಾಡ ಪೇಡೆಯ ಡಬ್ಬಿ.

"ಮನಸಿಗೆ ಹಚ್ಕೋಬ್ಯಾಡ ದೋಸ್ತಾ. ನಿನಕಿಂತ ಮದ್ಲ ನಾನ ಜಾಹೀರ ಮಾಡಿಬಿಟ್ಟೆ."

ಪೇಪರು ಬಿಡಿಸಿದೆ. ಎಲೆಯಿಂದ ಹೊಸ ಔಷಧಿ, ಎಳೆಹಳದಿ ಬಣ್ಣ, ವಾಸನೆಯಿಲ್ಲದ ಎಣ್ಣೆ ಎಂದು ದೊಡ್ಡ ಸುದ್ದಿ. ಫೋಟೋದಲ್ಲಿ ಇವನು ಶೀಸೆ ಎತ್ತಿ ಹಿಡಿದು ನಗುತ್ತಿದ್ದಾನೆ. ಅವನ ಬೆನ್ನ ಹಿಂದೆ ನೀಲಿ ಡ್ರಮ್ಮು, ಥೇಟ್ ನನ್ನದೇ ನಮೂನೆಯದು.

"ಧಾರವಾಡದ ಯಂತ್ರಕ್ಕ ಕೊಟ್ಟು ನೋಡಿದಿಯೇನು?" ಎಂದು ಮೆಲ್ಲಗೆ ಕೇಳಿದೆ.

"ಅದಕ್ಕ ಕಾದ್ರ ನೀ ಮುಂದ ಹೋಗ್ತಿದ್ದಿ. ಎಲಿ ನಂದ ಬ್ಯಾರೆ, ಆದ್ರ ಗುಟ್ಟು ಡ್ರಮ್ಮಿನ್ಯಾಗ ಐತಿ ಅಂತ ನನಗ ಕಿಟಕ್ಯಾಗ ನೋಡಿದ ಕೂಡ್ಲೇನ ಹೊಳೀತು. ಬ್ಯಾಸರ ಆತೇನು?"

"ಏ, ಇಲ್ಲಪಾ!" ಎಂದು ಅವನನ್ನು ಗಟ್ಟಿಯಾಗಿ ತಬ್ಬಿಕೊಂಡೆ. "ಕಂಡುಹಿಡಿದವ ನೀನ. ಆ ಎಣ್ಣಿಗೂ ನನಗೂ ಏನೂ ಸಂಬಂಧ ಇಲ್ಲಂತ ನಾಕ ಮಂದಿ ಮುಂದ ಬೇಕಾದ್ರ ಆಣಿ ಮಾಡಿ ಹೇಳ್ತೀನಿ."

ಅವನ ಕಣ್ಣು ಒದ್ದೆಯಾದವು. "ನಿಂದು ಇಷ್ಟು ದೊಡ್ಡ ಮನಸಂತ ನನಗ ಗೊತ್ತ ಇರ್ಲಿಲ್ಲ ನೋಡು" ಎಂದು ಇಡೀ ಡಬ್ಬಿಯನ್ನೇ ನನ್ನ ಕೈಗಿಟ್ಟ.

ಪೇಡೆ ಮುಗಿಯುವವರೆಗೆ ನಾನು ಫೋನಿನ ವಿಷಯ ಎತ್ತಲಿಲ್ಲ.