ಕರೆಂಟಿಗೊಂದು ಕುಣಿ

ನನಗೆ ಈ ಜಗತ್ತಿನಲ್ಲಿ ಹೆದರಿಕೆಯೆಂದರೆ ಕರೆಂಟಿನದು ಮತ್ತು ನಮ್ಮವ್ವನದು. ಇಬ್ಬರೂ ಎದುರುಬದುರಾದಾಗ ನಾನು ಹಿಂದೆಮುಂದೆ ನೋಡದೆ ಅವ್ವನ ಕಡೆ ಸೇರಿದೆ. ಕರೆಂಟನ್ನು ಕಣ್ಣಾರೆ ಕಂಡಿರಲಿಲ್ಲ, ಅವ್ವನನ್ನು ದಿನಾ ಕಾಣುತ್ತಿದ್ದೆ.

ಹಿರೇಕೆರೂರಿನ ನಮ್ಮ ಓಣಿಗೆ ಆಗಷ್ಟೇ ವಿದ್ಯುತ್ ಕಂಬಗಳು ಬಂದಿದ್ದವು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಮಾಸ್ತರನ ಮನೆಯಲ್ಲಿ ಕಂದೀಲು ಉರಿದರೆ ಮರ್ಯಾದೆಯೇ? ಕರೆಂಟು ತೆಗೆದುಕೊಂಡೆ, ಮೇಲೊಂದು ಕಬ್ಬಿಣದ ಮೈಯ ಟೇಬಲ್ ಫ್ಯಾನನ್ನೂ ತಂದೆ. ವೈರಿಂಗಿಗೆ ಸವಣೂರಿನಿಂದ ಬಂದ ಹುಸೇನಸಾಬರು ಕೊನೆಗೆ ಹಿತ್ತಲಿಗೆ ಹೋಗಿ, “ಮಾಸ್ತರ್ರ, ಇಲ್ಲೊಂದು ಆಳಾದ ಕುಣಿ ತೋಡಸ್ರಿ. ಇದ್ದಿಲು, ಉಪ್ಪು ಹಾಕಿ, ಪೈಪು ಹುಗದು ಅರ್ಥಿಂಗ್ ಕೊಡತೇನಿ. ಫ್ಯಾನಿನ ಮೈಗೆ ಕರೆಂಟು ಬಂದ್ರ ಭೂಮಿಗೆ ಇಳದು ಹೋಗತೈತಿ, ಮನಶ್ಯಾರಿಗೆ ಹೊಡ್ಯಾಂಗಿಲ್ಲ” ಅಂದರು.

“ಕುಣಿ? ಉಪ್ಪು?” ಅಡಿಗೆಮನೆಯಿಂದ ಅವ್ವ ಬಂದೇ ಬಿಟ್ಟಳು. ನಮ್ಮಲ್ಲಿ ತೀರಿಕೊಂಡವರಿಗೆ ಮಣ್ಣು ಕೊಡುವಾಗ ಕುಣಿಗೆ ಉಪ್ಪು ಹಾಕುತ್ತಾರೆ. ಅಪ್ಪನನ್ನು ಮಣ್ಣು ಮಾಡಿದ್ದು ಹಿಂದಿನ ಚಳಿಗಾಲದಲ್ಲಷ್ಟೇ. “ಬದುಕಿದ್ದವರ ಹಿತ್ತಲದಾಗ ಕುಣಿ ತೋಡಿ ಉಪ್ಪು ಸುರೀತೀರೇನ್ರಿ? ಇನ್ನ್ಯಾರನ್ನ ಕಳಿಸೋ ವಿಚಾರ ಐತಿ?” ಹುಸೇನಸಾಬರು ನನ್ನ ಮುಖ ನೋಡಿದರು, ನಾನು ಬಾವಿಯ ಕಡೆ ನೋಡಿದೆ. ಮೂಢನಂಬಿಕೆಯ ಬಗ್ಗೆ ಪಿರಿಯಡ್ಡುಗಟ್ಟಲೆ ಒದರುವ ನನ್ನ ಬಾಯಿಗೆ ಆಗ ಏನಾಗಿತ್ತೋ! “ಅಮ್ಮಾರು ಬ್ಯಾಡಂದ್ರ ಆತು ಬಿಡ್ರಿ” ಎಂದು ಅವರು ಅರ್ಥಿಂಗಿನ ವೈರನ್ನು ಎಲ್ಲಿಗೂ ಜೋಡಿಸದೆ ಮಡಚಿಟ್ಟು ಬಸ್ಸು ಹಿಡಿದರು.

ಫ್ಯಾನು ತಿರುಗಿತು. ಓಣಿಯವರೆಲ್ಲ ಬಂದು ಗಾಳಿ ತೆಗೆದುಕೊಂಡು ಹೋದರು. ಒಮ್ಮೊಮ್ಮೆ ಮುಟ್ಟಿದವರ ಬೆರಳು ಜುಮ್ಮೆನ್ನುತ್ತಿತ್ತು. “ಹೊಸಾದು, ಹಂಗ ಇರತೈತಿ” ಎಂದು ನಾನು ಸಮಾಧಾನ ಹೇಳುತ್ತಿದ್ದೆ, ಹೊಸ ಚಪ್ಪಲಿ ಕಚ್ಚಿದವರಿಗೆ ಹೇಳುವ ಹಾಗೆ.

ಮಳೆಗಾಲದ ಒಂದು ಸೋಮವಾರ ಅವ್ವ ಸೆಗಣಿಯಿಂದ ನೆಲ ಸಾರಿಸಿದಳು. ನೆಲ ಬೇಗ ಆರಲೊಲ್ಲದು. ಫ್ಯಾನಿದೆಯಲ್ಲ! ಒದ್ದೆ ಕೈ, ಬರಿಗಾಲು, ಹಸಿ ನೆಲ. ಫ್ಯಾನಿನ ಮುಖವನ್ನು ಕೆಳಗೆ ಬಾಗಿಸಲು ಹಿಡಿದವಳು ಬಿಡಲೇ ಇಲ್ಲ. ಬಾಯಿ ತೆರೆದಿತ್ತು, ದನಿ ಇರಲಿಲ್ಲ. ನಾನು ಹೊಸ್ತಿಲಲ್ಲಿ ನಿಂತು “ಯಾರೂ ಮುಟ್ಟಬ್ಯಾಡ್ರಿ!” ಎಂದು ಕೂಗುತ್ತಿದ್ದೆ. ಪರೀಕ್ಷೆಯಲ್ಲಿ ಅದಕ್ಕೆ ಪೂರ್ತಿ ಅಂಕ. ನನ್ನ ಹೆಂಡತಿ ಗಂಗವ್ವ ಒನಕೆ ತಂದು ಫ್ಯಾನಿಗೆ ಬೀಸಿ ಹೊಡೆದಳು. ಫ್ಯಾನು ಒಂದು ಕಡೆ ಬಿತ್ತು, ಅವ್ವ ಒಂದು ಕಡೆ. “ಸ್ವಿಚ್ಚರ ಆರಸ್ರಿ!” ಎಂದು ಗಂಗವ್ವ ಚೀರಿದಾಗಲೇ ಸ್ವಿಚ್ಚು ನನ್ನ ಹೆಗಲಿಗೆ ತಾಗುತ್ತಿದೆಯೆಂದು ನನಗೆ ಗೊತ್ತಾದದ್ದು.

ಅವ್ವ ಉಳಿದಳು. ಬಲಗೈ ಬೆರಳುಗಳು ಮಾತ್ರ ಮತ್ತೆ ಪೂರ್ತಿ ಮಡಚಿಕೊಳ್ಳಲಿಲ್ಲ. ರೊಟ್ಟಿ ಬಡಿಯುವ ಕೈ ಅದು. ಅದನ್ನು ನೋಡಿದಾಗೆಲ್ಲ ನನಗೆ ಅಳು ಬರುತ್ತಿತ್ತು. ಎದ್ದು ಕೂರುವಂತಾದ ದಿನ ಅವಳೇ, “ಹುಸೇನಸಾಬಗ ಹೇಳಿ ಕಳಸಪಾ. ಕುಣಿ ತೋಡಲಿ” ಅಂದಳು.

ಈ ಸಲ ಯಾವ ಕೊರತೆಯೂ ಆಗಬಾರದೆಂದು ನಾನೇ ಮುಂದೆ ನಿಂತೆ. ಆಳುಗಳು ಸಾಕೆಂದರೂ ಬಿಡದೆ ಇನ್ನಷ್ಟು ಅಗೆಸಿದೆ. ಇದ್ದಿಲು ಬಂತು, ಉಪ್ಪಿನ ಚೀಲ ಬಂತು. ಅವ್ವ ಗೋಡೆ ಹಿಡಿದುಕೊಂಡು ಹಿತ್ತಲಿಗೆ ಬಂದು, ಕುಣಿಯೊಳಗೆ ಬಗ್ಗಿ ಬಹಳ ಹೊತ್ತು ನೋಡಿದಳು.

“ಭಾಳ ಚಲೋ ತೋಡಿಸೀದಿ” ಅಂದಳು. “ನಿಮ್ಮಪ್ಪಗ ಇಷ್ಟು ಆಳ ತೋಡಿಸಿದ್ದಿಲ್ಲ ನೀ.”