ಎರಡು ಗಿನಿ ಪಿಗ್ಗೂ ನನ್ನ ಪುಕ್ಕಲು ಪ್ರಾಣವೂ

ಧೈರ್ಯಸ್ಥರ ಮನೆಗೆ ಇಂಥ ಗಂಡಾಂತರ ಯಾವತ್ತೂ ಬರಲ್ಲ. ಬರೋದೆಲ್ಲ ನನ್ನಂಥ ಪುಕ್ಕಲನ ಮನೆಗೇ, ಅದೂ ವಾರಕ್ಕೊಂದರಂತೆ.

ಮದ್ದೂರಿನ ಪಕ್ಕದ ಹಳ್ಳಿ ನಮ್ಮದು. ಪಶು ಆಸ್ಪತ್ರೆಯಲ್ಲಿ ಇಪ್ಪತ್ತು ವರ್ಷದಿಂದ ಇನ್ಸ್‌ಪೆಕ್ಟರ್ ಆಗಿದ್ದೀನಿ. ಹಸು, ಎಮ್ಮೆ, ಕುರಿ, ಮೇಕೆ ಅಂದ್ರೆ ಸೈ. ಆದರೆ ಮಗಳು ಸಾಕಿದ್ದ ನಾಲ್ಕು ಮೀನು ನನ್ನ ಕೈಯಲ್ಲಿ ಎರಡೇ ದಿನಕ್ಕೆ ಸತ್ತವು. ದನಕ್ಕೆ ಬೂಸಾ ಹಾಕಿದ ಕೈಗೆ ಮೀನಿನ ಊಟದ ಅಳತೆ ತಿಳೀಲಿಲ್ಲ. ಏಳನೇ ಕ್ಲಾಸಿನ ಹುಡುಗಿ ಒಂದು ತಿಂಗಳು ನನ್ನ ಜೊತೆ ಮಾತು ಬಿಟ್ಟಳು. ಏನಿದ್ದರೂ ಅಜ್ಜಿ ಮುಖಾಂತರ: "ಅಜ್ಜಿ, ನಿನ್ನ ಮಗನಿಗೆ ಹೇಳು, ಮಾರ್ಕ್ಸ್ ಕಾರ್ಡಿಗೆ ಸೈನ್ ಹಾಕ್ಬೇಕಂತೆ."

ದೀಪಾವಳಿ ಮುಗಿದ ಮೇಲೆ ಹಟ ಹಿಡಿದು ಮಂಡ್ಯದಿಂದ ಎರಡು ಗಿನಿ ಪಿಗ್ ತಂದುಕೊಂಡಳು. ಇಲಿಗಿಂತ ದೊಡ್ಡದು, ಮೊಲಕ್ಕಿಂತ ಚಿಕ್ಕದು, ಬಾಲವೇ ಇಲ್ಲ. ಕಂದು ಬಣ್ಣದ್ದಕ್ಕೆ ಕೆಂದಿ, ಬಿಳೀದಕ್ಕೆ ಬೆಳ್ಳಿ ಅಂತ ನಮ್ಮವ್ವ ಹಸುವಿನ ಹೆಸರೇ ಇಟ್ಟಳು. ಮಗಳು ನನ್ನ ಕಡೆ ಬೆರಳು ತೋರಿಸಿ, "ಅಪ್ಪ, ಇವಕ್ಕೇನಾದ್ರೂ ಆದ್ರೆ ಈ ಸಲ ಒಂದು ತಿಂಗಳಲ್ಲ. ಯಾವತ್ತೂ ಮಾತಾಡಲ್ಲ" ಅಂದಳು. ಅವತ್ತಿಂದ ಹಿಡೀತು ನೋಡಿ ನನಗೆ ನಡುಕ.

೧. ಫಿಟ್ಸು

ಮೂರನೇ ದಿನ ಸಂಜೆ. ಕೊತ್ತಂಬರಿ ಸೊಪ್ಪು ಹಾಕಿ ಈ ಕಡೆ ತಿರುಗಿದ್ದೀನಿ, ಕೆಂದಿ ನಾಲ್ಕೂ ಕಾಲು ಎತ್ತಿ ಗಾಳಿಗೆ ಹಾರಿತು. ಕೆಳಗೆ ಬಿದ್ದು ತಲೆ ಒಂದು ಕಡೆ, ಸೊಂಟ ಒಂದು ಕಡೆ ಒದರಿತು. ಮತ್ತೆ ಹಾರಿತು.

"ಅವ್ವೋ, ಫಿಟ್ಸು!" ಅಂತ ಕೂಗಿದೆ.

ಅವ್ವ ಬೀರುವಿನ ಕೀಗೊಂಚಲು ತಂದು, "ಕಬ್ಣ ಇಡ್ಸು, ಕಬ್ಣ ಇಡ್ಸು" ಅಂತ ಅದರ ಕಾಲಿಗೆ ಒತ್ತಿದಳು. ಗೊಂಚಲು ಅದಕ್ಕಿಂತ ದೊಡ್ಡದಿತ್ತು. ಮಗಳು ಟ್ಯೂಷನ್ನಿಂದ ಬರೋದಕ್ಕೆ ಇನ್ನೊಂದು ಗಂಟೆ. ಟವಲಲ್ಲಿ ಸುತ್ತಿ, ಎದೆಗೆ ಕಟ್ಟಿಕೊಂಡು, ಮಂಡ್ಯದವರೆಗೂ ಬೈಕ್ ಓಡಿಸಿದೆ. ದಾರಿಯುದ್ದಕ್ಕೂ ಟವಲಿಗೆ ಕಿವಿ ಕೊಟ್ಟು ಉಸಿರಾಡ್ತಿದೆಯಾ ಅಂತ ನೋಡೋದು, ಎದುರಿಗೆ ಬರೋ ಕಬ್ಬಿನ ಲಾರಿಯವನು ನನಗೆ ಉಗಿಯೋದು.

ನಾಯಿ, ಬೆಕ್ಕು ನೋಡೋ ಡಾಕ್ಟರು ಕೆಂದಿಯನ್ನು ತಿರುಗಿಸಿ ಮುರುಗಿಸಿ ನೋಡಿ ನಕ್ಕರು. "ಏನೂ ಆಗಿಲ್ಲ ಕಣ್ರೀ. ಖುಷಿಯಾದ್ರೆ ಇವು ಹಂಗೆ ಕುಣೀತವೆ."

"ಖುಷಿಗೆ ಹಿಂಗೆಲ್ಲ ಆಡ್ತವಾ ಸಾರ್?"

"ಯಾಕ್ರೀ, ನಿಮ್ಮನೇಲಿ ಇದುವರೆಗೂ ಯಾರೂ ಖುಷಿ ಪಟ್ಟೇ ಇಲ್ವಾ?"

೨. ತಿನ್ನಬಾರದ್ದು

ಅದೇ ಡಾಕ್ಟರು ಪಟ್ಟಿ ಬರೆದುಕೊಟ್ಟರು. ಹುಲ್ಲು ಯಾವಾಗಲೂ ಮುಂದೆ ಇರಬೇಕು, ಇಲ್ಲದಿದ್ದರೆ ಹಲ್ಲು ಬೆಳೆದು ಬಾಯಿ ಮುಚ್ಚೋಕೆ ಆಗಲ್ಲ. ದಿನಾ ದಪ್ಪ ಮೆಣಸಿನಕಾಯಿ, ಮಧ್ಯೆ ಮಧ್ಯೆ ಒಂದು ಚೂರು ಸೀಬೆಹಣ್ಣು. ಬೆಲ್ಲ ಮಾತ್ರ ಮುಟ್ಟಿಸಬಾರದು. ನಮ್ಮ ಕಡೆ ಬೆಲ್ಲ ಮುಟ್ಟಿಸಬೇಡಿ ಅಂದ್ರೆ ಯಾರು ಕೇಳ್ತಾರೆ? ಆಲೆಮನೆಯಿಂದ ಬಂದವರೆಲ್ಲ ಜೇಬಲ್ಲಿ ಒಂದು ಚೂರು ಇಟ್ಟುಕೊಂಡೇ ಬರ್ತಾರೆ. ನಾನು ಗೂಡಿನ ಮುಂದೆ ಕಾವಲುಗಾರನ ಥರ ಕೂತೆ.

ಒಂದು ಬೆಳಿಗ್ಗೆ ಅವ್ವ ಕಿಟಾರನೆ ಕಿರುಚಿದಳು. ಓಡಿಹೋಗಿ ನೋಡಿದರೆ ಬೆಳ್ಳಿ ಬಗ್ಗಿ ತನ್ನ ಹಿಕ್ಕೆ ತಾನೇ ತಿಂತಿತ್ತು. ಹುಚ್ಚೇ ಹಿಡಿಯಿತೋ ಅಂದ್ಕೊಂಡು ಡಾಕ್ಟರಿಗೆ ಫೋನ್ ಮಾಡಿದರೆ, "ಅದು ಅವಕ್ಕೆ ಬೇಕು. ಅದ್ರಲ್ಲಿ ಸತ್ವ ಇರ್ತದೆ, ಬಿಡಿ" ಅಂತ ಇಟ್ಟೇಬಿಟ್ಟರು.

ಅಷ್ಟರಲ್ಲಿ ಅವ್ವ ಬೀದಿಗೆಲ್ಲ ಸಾರಿದ್ದಳು: "ನಮ್ಮೈದ ಊಟ ಆಕ್ದೆ ಆ ಪ್ರಾಣಿಗೋಳ್ಗೆ ಏನ್ ಗತಿ ತಂದವ್ನೆ ನೋಡ್ರವ್ವ!" ಎದುರು ಮನೆಯಾಕೆ ಬಟ್ಟಲಲ್ಲಿ ಮುದ್ದೆ, ಬಸ್ಸಾರು ತಂದಳು. ಆಸ್ಪತ್ರೆಯ ಇನ್ಸ್‌ಪೆಕ್ಟರ್ ಮನೇಲಿ ಪ್ರಾಣಿ ಹಸಿದು ಸಾಯ್ತಾವೆ ಅಂದ್ರೆ ನಾಳೆ ಯಾವ ಮುಖ ಹೊತ್ತು ಕೆಲಸಕ್ಕೆ ಹೋಗಲಿ? ಬೆವರು ಒರೆಸಿಕೊಂಡು, "ಅವ್ವ, ಅದ್ರಲ್ಲಿ ಶಕ್ತಿ ಇರ್ತದಂತೆ, ಅದಕ್ಕೇ ತಿಂತವೆ" ಅಂದೆ.

ಅವ್ವ ಸೊಂಟದ ಮೇಲೆ ಕೈ ಇಟ್ಟಳು. "ನೀನೂವೆ ಚಿಕ್ಕುಡ್ಗ ಆಗಿದ್ದಾಗ ಕಡ್ಡಿ ಅಂಗಿದ್ದೆ ಕಣ್ಲಾ. ನಾನೇನ್ ನಿಂಗೆ ಅದ್ನ ತಿನ್ಸಿದ್ನಾ?"

೩. ತೂಕ

ವಾರಕ್ಕೊಂದು ಸಲ ತೂಕ ನೋಡಿ, ತೂಕ ಇಳಿದರೆ ಕಾಯಿಲೆ ಅಂತಲೇ ತಿಳೀರಿ ಅಂದಿದ್ದರು ಡಾಕ್ಟರು. ನಾವು ದನದ ಎದೆ ಸುತ್ತಳತೆ ಟೇಪಲ್ಲಿ ಹಿಡಿದು ತೂಕ ಲೆಕ್ಕ ಹಾಕೋರು. ಆ ಟೇಪನ್ನು ಕೆಂದಿಗೆ ಸುತ್ತಿದೆ, ಕೆಂದಿ ಟೇಪಿನೊಳಗೇ ಕಾಣೆಯಾಯಿತು. ಮನೇಲಿ ತಕ್ಕಡಿ ಇಲ್ಲ. ಭಾನುವಾರ ಬೆಳಿಗ್ಗೆ ಎರಡನ್ನೂ ಬ್ಯಾಗಲ್ಲಿ ಹಾಕಿಕೊಂಡು ಮದ್ದೂರಿನ ಗುರುತಿನ ಕೋಳಿ ಅಂಗಡಿಗೆ ಹೋದೆ.

ಅಂಗಡಿ ತುಂಬ ಜನ. "ಇದನ್ನೊಂಚೂರು ತೂಕ ಹಾಕಿ" ಅಂತ ಬೆಳ್ಳಿಯನ್ನು ತಟ್ಟೆಯ ಮೇಲೆ ಇಟ್ಟೆ. ಅಷ್ಟರಲ್ಲಿ ಯಾರೋ ಹಿಂದಿನಿಂದ ಭುಜ ಹಿಡಿದು, "ಸಾ, ನಮ್ಮೆಮ್ಮೆ ಮೇವು ಬುಟ್ಬುಟ್ಟದೆ" ಅಂದ. ಜ್ವರ ಇದೆಯಾ, ಸಗಣಿ ಹೆಂಗೆ ಹಾಕ್ತದೆ ಅಂತ ಕೇಳಿದೆ. ಅರ್ಧ ನಿಮಿಷ ಇರಬಹುದು. ತಿರುಗಿ ನೋಡ್ತೀನಿ, ತಟ್ಟೆ ಖಾಲಿ.

ಅಂಗಡಿಯವನ ಎಡಗೈಯಲ್ಲಿ ಬೆಳ್ಳಿ, ಬಲಗೈ ಮಚ್ಚಿನ ಕಡೆ ಹೋಗ್ತಾ ಇದೆ. ಅವನು ಬಲು ಮರ್ಯಾದೆಯಿಂದ ಕೇಳಿದ:

"ಸಾರ್, ವಿತ್ ಸ್ಕಿನ್ನಾ, ಸ್ಕಿನ್‌ ಔಟಾ?"

೪. ಕಿಚ್ಚು

ಸಂಕ್ರಾಂತಿಗೆ ಹೆಂಡತಿ, ಮಗಳು ಇಬ್ಬರೂ ಮಳವಳ್ಳಿಯ ನನ್ನ ಅಕ್ಕನ ಮನೆಗೆ ಹೋದರು. ಹೋಗುವಾಗ ಮಗಳು ಗೂಡನ್ನು ನೋಡಿದಳು, ನನ್ನನ್ನು ನೋಡಿದಳು, ಅಷ್ಟೇ. ಅದಕ್ಕಿಂತ ಬೈದಿದ್ದರೇ ಚೆನ್ನಾಗಿತ್ತು.

ಹಬ್ಬದ ಬೆಳಿಗ್ಗೆ ಕೆಂದಿ ಮೂಲೆ ಹಿಡೀತು. ಹುಲ್ಲು ಮೂಸಲಿಲ್ಲ, ಸೀಬೆಹಣ್ಣು ಮುಟ್ಟಲಿಲ್ಲ. ಹೊಟ್ಟೆ ಎರಡೂ ಕಡೆ ಊದಿಕೊಂಡಿತ್ತು. ಹೊಟ್ಟೆ ಉಬ್ಬರ! ಹಸುವಾದರೆ ಎಣ್ಣೆ ಕುಡಿಸಬಹುದು, ಇದಕ್ಕೆ ಏನು ಮಾಡಲಿ? ಡಾಕ್ಟರು ಹಬ್ಬಕ್ಕೆ ಊರಿಗೆ ಹೋಗಿದ್ದರು. ಫೋನಲ್ಲಿ, "ಒಂದು ದಿನ ತಿನ್ನದಿದ್ರೂ ಇವು ಉಳಿಯೋದು ಕಷ್ಟ" ಅಂತ ಹೇಳಿ, ಒಂದು ಔಷಧಿಯ ಹೆಸರು ಹೇಳಿದರು. ಅದನ್ನು ಅಂಗೈ ಮೇಲೇ ಬರೆದುಕೊಂಡೆ.

ಇದರ ಮಧ್ಯೆ ಅವ್ವನದ್ದೊಂದು. "ಸಂಜೆ ಇವನ್ನೂವೆ ಕಿಚ್ಚು ಆಯ್ಸುಮ ಕಣ್ಲಾ. ಮನೇಲಿ ಸಾಕಿದ್ಮೇಲೆ ಇವೂ ದನಾನೆಯ. ರೋಗ ರುಜಿನ ಎಲ್ಲಾ ಓಯ್ತದೆ." ನಮ್ಮ ಕಡೆ ಸಂಕ್ರಾಂತಿ ಸಂಜೆ ದನಗಳಿಗೆ ಅರಿಶಿನ ಹಚ್ಚಿ, ಹುಲ್ಲಿಗೆ ಬೆಂಕಿ ಹಾಕಿ, ಅದರ ಮೇಲೆ ಹಾರಿಸ್ತಾರೆ. ಎರಡು ಗೇಣಿನ ಎತ್ತರಕ್ಕೆ ಹಾರೋ ಪ್ರಾಣಿ, ಆಳೆತ್ತರದ ಉರಿ! "ಮುಟ್ಟೀಯಾ ಅವ್ವ!" ಅಂತ ಕೈಮುಗಿದು ಮದ್ದೂರಿಗೆ ಓಡಿದೆ. ಹಬ್ಬದ ದಿನ, ಮೂರು ಮೆಡಿಕಲ್ ಸ್ಟೋರು ಬಾಗಿಲು ಹಾಕಿದ್ದವು. ನಾಲ್ಕನೆಯದು ಸಂಜೆ ತೆಗೆಯೋವರೆಗೂ ಕಾದು, ಔಷಧಿ ತಗೊಂಡು ವಾಪಸ್ ಬರೋ ಹೊತ್ತಿಗೆ ಸೂರ್ಯ ಮುಳುಗಿದ್ದ.

ಗೂಡು ಖಾಲಿ. ಅವ್ವನೂ ಇಲ್ಲ.

ಬೀದಿ ಕೊನೆಯಲ್ಲಿ ಉರಿ ಧಗಧಗ ಅಂತಿತ್ತು. ಚಪ್ಪಲಿ ಅಲ್ಲೇ ಬಿಟ್ಟು ಓಡಿದೆ. ಉರಿಯ ಪಕ್ಕದಲ್ಲೇ ಅವ್ವ, ಸೊಂಟದ ಮೇಲೆ ಮಂಕರಿ ಬುಟ್ಟಿ, ಮಂಕರಿಯ ಮೇಲೆ ಬಟ್ಟೆ. "ಅವ್ವಾ, ಬ್ಯಾಡಾ!" ಅಂತ ನಾನು ಕೂಗಿದ ಕೂಗಿಗೆ ಹಾರೋಕೆ ಬಂದಿದ್ದ ಎತ್ತು ಬೆದರಿ ಹಿಂದಕ್ಕೆ ತಿರುಗಿತು.

ಮಂಕರಿ ಕಿತ್ತುಕೊಂಡು ಬಟ್ಟೆ ತೆಗೆದೆ. ಕೆಂದಿ ಇದ್ದಳು. ಪಕ್ಕದಲ್ಲಿ ಬೆಳ್ಳಿ. ಆಮೇಲೆ ಇನ್ನೊಂದು. ಮತ್ತೊಂದು. ಮತ್ತೂ ಒಂದು. ಮೈ ತುಂಬ ಕೂದಲು, ಕಣ್ಣು ಬಿಟ್ಟುಕೊಂಡು ನನ್ನನ್ನೇ ನೋಡ್ತಿದ್ದವು.

"ಚಳೀಗೆ ಮರಿ ನಡುಗ್ತಿದ್ವು, ವಸಿ ಕಾವಾಗ್ಲಿ ಅಂತ ತಂದೆ" ಅಂದಳು ಅವ್ವ. "ಬಾಣಂತಿನ ಯಾರಾರ ಕಿಚ್ಚು ಆಯ್ಸ್ತಾರೇನ್ಲಾ?"

ತರುವಾಗ ಎರಡೂ ಹೆಣ್ಣೇ ಅಂತ ಮಂಡ್ಯದ ಅಂಗಡಿಯವನು ಹೇಳಿದ್ದ, ಎತ್ತಿ ನೋಡಿ ನಾನೂ ಹೌದು ಅಂದಿದ್ದೆ. ಅಲ್ಲೇ ನೆಲದ ಮೇಲೆ ಕೂತು ಮಗಳಿಗೆ ವಿಡಿಯೋ ಕಾಲ್ ಮಾಡಿದೆ. ಮರಿಗಳನ್ನು ನೋಡಿ ಅವಳು ಅತ್ತೇಬಿಟ್ಟಳು. "ಅಪ್ಪ, ಎಲ್ಲಾ ಚೆನ್ನಾಗವಾ? ನೀನೇ ಹೆರಿಗೆ ಮಾಡ್ಸಿದ್ಯಾ? ನೀನು ಸೂಪರ್ ಅಪ್ಪ!" ಮೀನು ಸತ್ತ ಮೇಲೆ ಅಷ್ಟು ಪ್ರೀತಿಯಿಂದ ಅವಳು ಮಾತಾಡಿದ್ದು ಅದೇ ಮೊದಲು. ನನಗೂ ಕಣ್ಣು ತುಂಬಿತು. "ಹೂಂ ಮಗಳೇ..." ಅಂತ ಶುರು ಮಾಡಿದೆ.

ಅಷ್ಟರಲ್ಲಿ ಬೆದರಿದ ಎತ್ತಿನ ಹಗ್ಗ ಹಿಡಿದು ನಿಂತಿದ್ದ ರೈತ ಬಗ್ಗಿ ಮಂಕರಿ ನೋಡಿದ, ನನ್ನನ್ನೂ ನೋಡಿದ. ಇಡೀ ಬೀದಿಗೆ ಕೇಳೋ ಹಂಗೆ ಅಂದ:

"ಸಾ, ಓದ್ ವಾರ ನಮ್ ಅಸೂನ ನೋಡ್ಬುಟ್ಟು ಗಬ್ಬ ಇಲ್ಲ ಅಂದ್ರಲ್ಲಾ. ನಾಳೀಕೆ ನಿಮ್ಮವ್ವನ್ನ ವಸಿ ಕಳ್ಸ್ತೀರಾ, ಇನ್ನೊಂದ್ಸತಿ ನೋಡ್ಲಿ?"