ತಿರುಳು ಪತ್ರಿಕೆಗಳ ಎಣಿಕೆ

ಗ್ರಂಥಪಾಲಕ ಎಂದರೆ ಭಾರೀ ಓದುಗ ಎಂದು ಜನ ನಂಬಿದ್ದಾರೆ. ಇಷ್ಟು ವರ್ಷವಾದರೂ ನಾನು ಆ ತಪ್ಪನ್ನು ತಿದ್ದಲು ಹೋಗಿಲ್ಲ. ಓದುವ ತ್ರಾಣ ಸಂಜೆ ಒಂದಿಷ್ಟು ಉಳಿದಿದ್ದರೂ ಮನೆಗೆ ಹೋಗುವ ನಿಗಡಿಯ ಬಸ್ಸಿನಲ್ಲಿ ನಿಂತೇ ಅದು ಮುಗಿದುಹೋಗುತ್ತದೆ.

ನಮ್ಮದು ಪುಣೆಯ ಒಂದು ಸಣ್ಣ ಮಣ್ಣುಶಾಸ್ತ್ರದ ಸಂಸ್ಥೆ. ನಿರ್ದೇಶಕರು ಒಂದು ದಿನ ಕರೆದು, ನಾವು ತರಿಸುವ ಪತ್ರಿಕೆಗಳಲ್ಲಿ ತಿರುಳು ಯಾವುದು, ಸಿಪ್ಪೆ ಯಾವುದು ಅಳೆದು ಕೊಡಿ, ಸಿಪ್ಪೆಯನ್ನು ನಿಲ್ಲಿಸಿಬಿಡೋಣ ಎಂದರು. ಅಳೆಯುವ ರೀತಿ ಸರಳ. ಪಿಎಚ್‌ಡಿ ಪ್ರಬಂಧಗಳ ಕೊನೆಯ ಆಕರಪಟ್ಟಿಯಲ್ಲಿ ಯಾವ ಪತ್ರಿಕೆಯ ಹೆಸರು ಹೆಚ್ಚು ಸಲ ಬಂದಿದೆಯೋ ಅದೇ ತಿರುಳು. ನಾನು ಹೆಸರು ಕೂಗುವುದು, ಬೆಳಗಾವಿ ಕಡೆಯ ನನ್ನ ಸಹಾಯಕಿ ಸರೋಜಾಬಾಯಿ ಗೀಟು ಎಳೆಯುವುದು. ಎರಡು ತಿಂಗಳಲ್ಲಿ ನನ್ನ ಗಂಟಲೂ ಅವರ ಬೆರಳೂ ಸೋತವು.

ಮೊದಲ ಸ್ಥಾನ ಒಂದು ವಿದೇಶಿ ಪತ್ರಿಕೆಗೆ ಬಂತು. ಕಟ್ಟಕಡೆಗೆ ಬಿದ್ದದ್ದು ಇಲ್ಲಿಯದೇ ಒಂದು ತೆಳ್ಳನೆಯ ಮಾಸಿಕ. ಓದಿ ಓದಿ ಹರಿದ ಅದರ ರಟ್ಟಿಗೆ ಸರೋಜಾಬಾಯಿಯೇ ಪ್ರತಿ ತಿಂಗಳು ಟೇಪು ಅಂಟಿಸುತ್ತಿದ್ದರು. ಅದು ನಿಲ್ಲುತ್ತದೆಂದು ಅವರಿಗೆ ಸಮಾಧಾನವಿರಲಿಲ್ಲ. ಪಟ್ಟಿಗಳನ್ನು ಮತ್ತೆ ತಿರುವಿಹಾಕಿ ನನ್ನ ಮೇಜಿಗೆ ಬಂದರು.

"ಸರ್, ಮೊದಲ ಬಂದ ಪತ್ರಿಕೆದಾಗ ಎಲ್ಲಾರೂ ಒಂದ ಲೇಖನದ ಹೆಸರು ಬರ್ದಾರ್ರಿ. ಸಂಪುಟ ಎಪ್ಪತ್ತೊಂದು ಅಂತ. ಆ ಪತ್ರಿಕೆ ಇನ್ನೂ ನಲವತ್ತೂ ದಾಟಿಲ್ಲರಿ."

ಇನ್ನೂ ಹುಟ್ಟದ ಸಂಪುಟವನ್ನು ಇಷ್ಟು ಜನ ಓದಿದ್ದು ಹೇಗೆ? ಹಿಂದಿನವರ ಪಟ್ಟಿಯನ್ನು ಮುಂದಿನವರು ನಕಲು ಮಾಡಿದ್ದರು. ಒಂದೊಂದೇ ಪ್ರಬಂಧ ಹಿಂದಕ್ಕೆ ನೋಡುತ್ತ ಹೋದೆವು. ಎಲ್ಲಕ್ಕಿಂತ ಹಳೆಯದರೊಳಗೆ ಒಂದು ಟೈಪು ಮಾಡಿದ ಹಾಳೆ ಸಿಕ್ಕಿತು: 'ಹೊಸ ವಿದ್ಯಾರ್ಥಿಗಳು ಅವಶ್ಯ ಓದಬೇಕಾದ ಲೇಖನಗಳು'. ಹದಿನೇಳನೇ ಸಂಪುಟ ಟೈಪಿನಲ್ಲಿ ಅಂಕಿ ಹಿಂದುಮುಂದಾಗಿ ಎಪ್ಪತ್ತೊಂದಾದದ್ದು ಅಲ್ಲಿಯೇ. ಕೆಳಗಿದ್ದ ಸಹಿ ನನ್ನದು.

ಸರೋಜಾಬಾಯಿ ಹಾಳೆಯನ್ನು ನೀಟಾಗಿ ಮಡಚಿ ನನ್ನ ಮುಂದಿಟ್ಟರು. ಹರಿದುಹಾಕುವ ಆಸೆ ಬಂದದ್ದು ಸುಳ್ಳಲ್ಲ. ಆದರೆ ಎಣಿಕೆಯೇ ನಂಬುವಂಥದ್ದಲ್ಲ ಎಂದು ತೋರಿಸದೆ ಆ ಮಾಸಿಕ ಉಳಿಯುವಂತಿರಲಿಲ್ಲ. ವರದಿಯಲ್ಲಿ ಎಲ್ಲವನ್ನೂ ಬರೆದೆ.

ನಿರ್ದೇಶಕರು ಓದಿ, ಕನ್ನಡಕ ತೆಗೆದಿಟ್ಟು, ಆ ಲೇಖನವನ್ನು ನೀವಾದರೂ ಓದಿದ್ದೀರಾ ಎಂದು ಮರಾಠಿಯಲ್ಲಿ ಮೆಲ್ಲಗೆ ಕೇಳಿದರು. ಇಲ್ಲ ಎಂದೆ. ಮಾಸಿಕ ಉಳಿಯಿತು.

ಒಬ್ಬನಾದರೂ ಓದಿದವನಿರಲಿ ಎಂದು ಮರುದಿನ ಮಧ್ಯಾಹ್ನ ಹದಿನೇಳನೇ ಸಂಪುಟದ ಧೂಳು ಕೊಡವಿ ಕೂತೆ. ಎರಡನೇ ಪುಟಕ್ಕೆ ಎಲ್ಲಿತ್ತೋ ನಿದ್ದೆ. ಸರೋಜಾಬಾಯಿ ಚಹಾ ತಂದು ಎಬ್ಬಿಸಿ, "ಹ್ಯಾಂಗದರಿ ಸರ್, ಲೇಖನ?" ಎಂದು ಕೇಳಿದರು.

"ಭಾಳ ಮಹತ್ವದ್ದು ಅದ," ಎಂದೆ.